ಬಿಲ್ಡ್ ಸಿಸ್ಟಮ್ ಪ್ಯಾಕೇಜನ್ನು ಎಲ್ಲಿ ಹುಡುಕುತ್ತದೆ, ಹೇಗೆ ಒಪ್ಪಿಕೊಳ್ಳುತ್ತದೆ: ಇದನ್ನು ಬರೆದಿಡುವ ಸಮಗ್ರ ಮಾರ್ಗದರ್ಶಿ

ಯಾವುದೇ ಪ್ರಾಜೆಕ್ಟಿನ ರೀಡ್‌ಮಿ ತೆರೆದರೂ ಒಂದು ಪಟ್ಟಿ ಇರುತ್ತದೆ. ಈ ಲೈಬ್ರರಿ ಬೇಕು, ಆ ಟೂಲ್ ಬೇಕು, ಇಷ್ಟನೇ ವರ್ಷನ್ ಇರಲಿ. ಹೊಸಬರು ಅದನ್ನೆಲ್ಲ ಇನ್‌ಸ್ಟಾಲ್ ಮಾಡಿಕೊಂಡು ಬಿಲ್ಡ್ (ಸೋರ್ಸ್ ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಿಸುವ ಕೆಲಸ) ಶುರು ಮಾಡುತ್ತಾರೆ. ಆದರೂ ಪ್ಯಾಕೇಜ್ ಸಿಗಲಿಲ್ಲ ಅನ್ನುವ ಎರರ್ ಬರುತ್ತದೆ. ಲೈಬ್ರರಿ ಡಿಸ್ಕಿನಲ್ಲೇ ಇದೆ, ಬಿಲ್ಡ್ ಸಿಸ್ಟಮ್ ಮಾತ್ರ ಅದನ್ನು ನೋಡುತ್ತಿಲ್ಲ. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ: ‘ಸಿಕ್ಕಿತು’ ಅಂತಲೇ ಬರುತ್ತದೆ, ಆದರೆ ಸಿಕ್ಕಿದ್ದು ಇನ್ಯಾವುದೋ ಫೋಲ್ಡರಿನಲ್ಲಿದ್ದ ಹಳೆಯ ಪ್ರತಿ, ಅದು ಗೊತ್ತಾಗುವುದು ಪ್ರೋಗ್ರಾಂ ಓಡಿಸಿದಾಗ, ಅದೂ ಸಂಬಂಧವೇ ಇಲ್ಲದ ಜಾಗದಲ್ಲಿ ಕ್ರ್ಯಾಶ್ ಆದಾಗ.

ಬೇಕಾದ ಲೈಬ್ರರಿಗಳ ಪಟ್ಟಿ ಇದಕ್ಕೆ ಉತ್ತರ ಕೊಡುವುದಿಲ್ಲ. ಉತ್ತರ ಕೊಡುವ ಡಾಕ್ಯುಮೆಂಟಿನಲ್ಲಿ ಮೂರು ವಿಷಯ ಇರಬೇಕು: ಯಾವ ಯಾವ ಜಾಗದಲ್ಲಿ, ಯಾವ ಸರದಿಯಲ್ಲಿ ಹುಡುಕಿತು, ಎರಡು ಪ್ರತಿ ಇದ್ದರೆ ಯಾವುದು ಗೆಲ್ಲುತ್ತದೆ, ಗೆದ್ದಿದ್ದನ್ನು ಸರಿ ಅಂತ ಒಪ್ಪಿಕೊಳ್ಳುವ ಮುಂಚೆ ಏನನ್ನು ಪರೀಕ್ಷಿಸಿತು. ಈ ಮೂರನ್ನೂ ಊಹೆಯಿಂದ ಬರೆಯಬಾರದು, ಬಿಲ್ಡ್ ಸಿಸ್ಟಮ್ ನಿಜವಾಗಿ ಮಾಡಿದ್ದನ್ನು ನೋಡಿ ಬರೆಯಬೇಕು. ಸೀಮೇಕ್ (ಒಂದು ಬಿಲ್ಡ್ ಸಿಸ್ಟಮ್) ಮತ್ತು ಪಿಕೆಜಿ-ಕಾನ್ಫಿಗ್ (ಲೈಬ್ರರಿ ಬಳಸಲು ಬೇಕಾದ ಫ್ಲ್ಯಾಗ್‌ಗಳನ್ನು ಹೇಳುವ ಟೂಲ್) ಇಟ್ಟುಕೊಂಡು ಜಾಸ್ತಿ ವಿವರಿಸುತ್ತೇನೆ, ಗೊಂದಲ ಹೆಚ್ಚಾಗಿ ಆಗುವುದು ಅಲ್ಲೇ.

ಹೆಜ್ಜೆ 1: ಬಿಲ್ಡ್ ಫೈಲಿನಿಂದಲೇ ಪಟ್ಟಿ ತೆಗೆಯಿರಿ

ಸೀಮೇಕ್ ಆದರೆ ಫೈಂಡ್_ಪ್ಯಾಕೇಜ್, ಫೈಂಡ್_ಲೈಬ್ರರಿ, ಫೈಂಡ್_ಪ್ರೋಗ್ರಾಂ, ಪಿಕೆಜಿ_ಚೆಕ್_ಮಾಡ್ಯೂಲ್ಸ್, ಫೆಚ್‌ಕಂಟೆಂಟ್ ಇವುಗಳನ್ನು ಎಲ್ಲ ಫೋಲ್ಡರಿನಲ್ಲೂ ಹುಡುಕಿ. ಮೆಸಾನ್ ಅನ್ನುವ ಬಿಲ್ಡ್ ಸಿಸ್ಟಮ್ ಆದರೆ ಡಿಪೆಂಡೆನ್ಸಿ ಅನ್ನುವ ಕರೆಗಳು, ಜೊತೆಗೆ ಸಬ್‌ಪ್ರಾಜೆಕ್ಟ್ಸ್ ಫೋಲ್ಡರಿನ ವ್ರ್ಯಾಪ್ ಫೈಲುಗಳು. ಆಟೋಕಾನ್ಫ್ ಅನ್ನುವ ಟೂಲ್ ಆದರೆ ಕಾನ್ಫಿಗರ್.ಎಸಿ ಫೈಲಿನ ಚೆಕ್ ಮ್ಯಾಕ್ರೋಗಳು. ನೆನಪಿನಿಂದ ಪಟ್ಟಿ ಮಾಡಿದರೆ ಲೈಬ್ರರಿಗಳು ಬರುತ್ತವೆ, ಬಿಲ್ಡ್ ಆಗುವಾಗ ಓಡುವ ಪ್ರೋಗ್ರಾಂಗಳು ಬಿಟ್ಟುಹೋಗುತ್ತವೆ. ಕೋಡ್ ಜನರೇಟರ್, ಪೈಥಾನ್ ಇಂಟರ್‌ಪ್ರಿಟರ್ ಇವೂ ಪ್ಯಾಕೇಜುಗಳೇ, ಇವನ್ನೂ ಎಲ್ಲಿಂದಲೋ ಹುಡುಕಿಯೇ ತರಲಾಗುತ್ತದೆ.

ಪ್ರತಿಯೊಂದರ ಮುಂದೆ ಕಡ್ಡಾಯವೋ ಐಚ್ಛಿಕವೋ ಅಂತ ಬರೆಯಿರಿ. ಐಚ್ಛಿಕ ಆದರೆ ಅದು ಇಲ್ಲದಾಗ ಏನು ಕಡಿಮೆಯಾಗುತ್ತದೆ ಅನ್ನುವುದನ್ನೂ ಬರೆಯಿರಿ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಪ್ಯಾಕೇಜ್ ಮೆಶಿನ್ನಿನಲ್ಲಿ ಇದ್ದರೆ ಸುಮ್ನೆ ಆನ್ ಆಗುವ, ಇಲ್ಲದಿದ್ದರೆ ಸುಮ್ನೆ ಆಫ್ ಆಗುವ ಡಿಪೆಂಡೆನ್ಸಿಗೆ (ಪ್ರಾಜೆಕ್ಟ್ ಅವಲಂಬಿಸಿದ ಪ್ಯಾಕೇಜಿಗೆ) ಜೆಂಟೂ ಲಿನಕ್ಸ್‌ನವರು ‘ಆಟೋಮ್ಯಾಜಿಕ್’ ಅಂತ ಹೆಸರಿಟ್ಟಿದ್ದಾರೆ, ಅದನ್ನು ಅವರು ದೋಷ ಅಂತಲೇ ಪರಿಗಣಿಸುತ್ತಾರೆ. ಒಂದೇ ಸೋರ್ಸ್ ಕೋಡ್, ಎರಡು ಮೆಶಿನ್, ಎರಡು ಬೇರೆ ಬೇರೆ ಬೈನರಿ, ಎಲ್ಲೂ ಒಂದು ಎರರ್ ಇಲ್ಲ. ನಿಮ್ಮ ಪ್ರಾಜೆಕ್ಟಿನಲ್ಲಿ ಅಂಥದ್ದು ಇದ್ದರೆ ಡಾಕ್ಯುಮೆಂಟಿನಲ್ಲಿ ಎದ್ದು ಕಾಣುವ ಹಾಗೆ ಬರೆಯಿರಿ, ಸಾಧ್ಯವಾದರೆ ಆನ್-ಆಫ್ ಮಾಡಲು ಒಂದು ಆಪ್ಷನ್ ಸೇರಿಸಿ.

ಹೆಜ್ಜೆ 2: ಖಾಲಿ ಜಾಗದಲ್ಲಿ ಓಡಿಸಿ, ಲಾಗ್ ತೆಗೆದಿಟ್ಟುಕೊಳ್ಳಿ

ನಿಮ್ಮ ದಿನನಿತ್ಯದ ಮೆಶಿನ್ ಇದಕ್ಕೆ ಆಗುವುದಿಲ್ಲ. ಅದರಲ್ಲಿ ವರ್ಷಗಟ್ಟಲೆ ಇನ್‌ಸ್ಟಾಲ್ ಮಾಡಿದ್ದೆಲ್ಲ ಕೂತಿರುತ್ತದೆ, ಎನ್‌ವಿರಾನ್‌ಮೆಂಟ್ ವೇರಿಯಬಲ್‌ಗಳು ಯಾವಾಗಲೋ ಸೆಟ್ ಆಗಿರುತ್ತವೆ. ಒಂದು ಹೊಸ ಕಂಟೇನರ್ (ಉಳಿದ ಸಿಸ್ಟಮ್ಮಿನಿಂದ ಪ್ರತ್ಯೇಕವಾದ ಪರಿಸರ) ತೆಗೆದುಕೊಳ್ಳಿ. ಕಂಪೈಲರ್ ಮತ್ತು ಬಿಲ್ಡ್ ಟೂಲ್ ಮಾತ್ರ ಹಾಕಿ. ಓಡಿಸಿ, ಏನು ಸಿಗಲಿಲ್ಲ ಅನ್ನುತ್ತದೋ ಅದನ್ನು ಮಾತ್ರ ಸೇರಿಸಿ, ಮತ್ತೆ ಓಡಿಸಿ. ಪ್ರತಿ ಸಲವೂ ಬಂದ ಎರರ್ ಮೆಸೇಜನ್ನು ಇದ್ದ ಹಾಗೇ ಕಾಪಿ ಮಾಡಿಟ್ಟುಕೊಳ್ಳಿ, ಹೆಜ್ಜೆ 6ರಲ್ಲಿ ಅದು ಬೇಕು.

ಬಿಲ್ಡ್ ಫೋಲ್ಡರ್ ಕೂಡ ಹೊಸದಾಗಿರಲಿ. ಸೀಮೇಕ್ ಒಮ್ಮೆ ಸಿಕ್ಕಿದ ಜಾಗವನ್ನು ಸೀಮೇಕ್‌ಕ್ಯಾಶ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಎರಡನೇ ಸಲ ಮೊದಲು ಅದನ್ನೇ ನೋಡುತ್ತದೆ, ಅಲ್ಲಿ ಪ್ಯಾಕೇಜ್ ಇದ್ದರೆ ಬೇರೆಡೆ ಹುಡುಕುವುದೇ ಇಲ್ಲ. ‘ಹೊಸ ವರ್ಷನ್ ಹಾಕಿದೆ, ಆದರೂ ಹಳೆಯದನ್ನೇ ತೆಗೆದುಕೊಳ್ಳುತ್ತಿದೆ’ ಅನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಇದೇ ಕ್ಯಾಶ್. ಸೀಮೇಕ್ 3.24ರಿಂದ ‘ಫ್ರೆಶ್’ ಅನ್ನುವ ಆಪ್ಷನ್ ಇದೆ, ಅದು ಹಳೆಯ ಕ್ಯಾಶನ್ನು ಅಳಿಸಿ ಮೊದಲಿಂದ ಶುರು ಮಾಡುತ್ತದೆ.

ಸೀಮೇಕ್ 3.17ರಲ್ಲಿ ‘ಡಿಬಗ್-ಫೈಂಡ್’ ಬಂತು. ಎಲ್ಲೆಲ್ಲಿ ಹುಡುಕಿತು ಅನ್ನುವುದನ್ನು ಸಾಲು ಸಾಲಾಗಿ ತೋರಿಸುತ್ತದೆ. ದೊಡ್ಡ ಪ್ರಾಜೆಕ್ಟಿನಲ್ಲಿ ಆ ಲಾಗ್ ಓದಲು ಆಗದಷ್ಟು ಉದ್ದ ಬರುತ್ತದೆ, ಅದಕ್ಕೆ 3.23ರಿಂದ ಒಂದೇ ಪ್ಯಾಕೇಜಿನ ಹೆಸರು ಕೊಟ್ಟು ಅದರ ಲಾಗ್ ಮಾತ್ರ ತೆಗೆಯಬಹುದು. ಪಿಕೆಜಿ-ಕಾನ್ಫಿಗ್‌ಗೆ ಅದರದೇ ಡಿಬಗ್ ಆಪ್ಷನ್ ಇದೆ. ಆಟೋಕಾನ್ಫ್ ಆದರೆ ಕಾನ್ಫಿಗ್.ಲಾಗ್ ನೋಡಿ: ಯಾವ ಪರೀಕ್ಷಾ ಪ್ರೋಗ್ರಾಂ ಕಂಪೈಲ್ ಆಗಲಿಲ್ಲವೋ ಅದರ ಪೂರ್ತಿ ಕೋಡ್ ಮತ್ತು ಕಂಪೈಲರ್ ಕೊಟ್ಟ ಎರರ್ ಎರಡೂ ಅಲ್ಲಿರುತ್ತವೆ. ಮೆಸಾನ್ ತನ್ನ ಲಾಗನ್ನು ಬಿಲ್ಡ್ ಫೋಲ್ಡರಿನ ಒಳಗೆ ಮೆಸಾನ್-ಲಾಗ್ಸ್‌ನಲ್ಲಿ ಇಡುತ್ತದೆ. ಇದ್ಯಾವುದೂ ಸಾಕಾಗದಿದ್ದರೆ ಲಿನಕ್ಸ್‌ನಲ್ಲಿ ಎಸ್‌ಟ್ರೇಸ್ (ಪ್ರೋಗ್ರಾಂ ಸಿಸ್ಟಮ್ಮಿಗೆ ಮಾಡುವ ಕರೆಗಳನ್ನು ತೋರಿಸುವ ಟೂಲ್) ಹಾಕಿ, ಫೈಲ್ ತೆರೆಯುವ ಕರೆಗಳನ್ನು ಮಾತ್ರ ಸೋಸಿ ನೋಡಿ. ಯಾವ ಫೈಲನ್ನು ಕೇಳಿತು, ಯಾವುದು ಇರಲಿಲ್ಲ, ಎಲ್ಲ ಗೊತ್ತಾಗುತ್ತದೆ.

ಹೆಜ್ಜೆ 3: ಹುಡುಕುವ ಸರದಿಯನ್ನು ಬರೆಯಿರಿ

ಡಾಕ್ಯುಮೆಂಟಿನ ಜೀವಾಳ ಇದು, ಇಲ್ಲಿ ಅವಸರ ಮಾಡಬೇಡಿ.

ಸೀಮೇಕ್‌ನ ಫೈಂಡ್_ಪ್ಯಾಕೇಜ್ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಮಾಡ್ಯೂಲ್ ಮೋಡ್‌ನಲ್ಲಿ ‘ಫೈಂಡ್’ ಅಂತ ಶುರುವಾಗುವ ಹೆಸರಿನ ಒಂದು ಸೀಮೇಕ್ ಫೈಲ್ ಬೇಕು. ಮೊದಲು ನಿಮ್ಮ ಸೀಮೇಕ್_ಮಾಡ್ಯೂಲ್_ಪಾತ್‌ನಲ್ಲಿ, ಆಮೇಲೆ ಸೀಮೇಕ್ ಜೊತೆಗೇ ಬರುವ ಮಾಡ್ಯೂಲ್‌ಗಳಲ್ಲಿ ಅದನ್ನು ನೋಡುತ್ತದೆ. ಕಾನ್ಫಿಗ್ ಮೋಡ್‌ನಲ್ಲಿ ಪ್ಯಾಕೇಜ್ ಮಾಡಿದವರೇ ಅದರ ಜೊತೆ ಇನ್‌ಸ್ಟಾಲ್ ಮಾಡಿದ ಕಾನ್ಫಿಗ್ ಫೈಲ್ ಬೇಕು. ಏನೂ ಹೇಳದಿದ್ದರೆ ಮೊದಲು ಮಾಡ್ಯೂಲ್, ಅದು ಇಲ್ಲದಿದ್ದರೆ ಕಾನ್ಫಿಗ್. 3.15ರಿಂದ ಸೀಮೇಕ್_ಫೈಂಡ್_ಪ್ಯಾಕೇಜ್_ಪ್ರಿಫರ್_ಕಾನ್ಫಿಗ್ ಸೆಟ್ ಮಾಡಿ ಇದನ್ನು ತಿರುಗಿಸಬಹುದು. ಪ್ರತಿ ಪ್ಯಾಕೇಜ್ ಯಾವ ಮೋಡ್‌ನಲ್ಲಿ ಸಿಗುತ್ತಿದೆ ಅನ್ನುವುದನ್ನು ತಪ್ಪದೆ ಬರೆಯಿರಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಕಾನ್ಫಿಗ್ ಮೋಡ್‌ನ ಸರದಿ ಹೀಗಿದೆ. ಮೊದಲು ಪ್ಯಾಕೇಜಿನ ಹೆಸರಿಗೆ ‘_ರೂಟ್’ ಸೇರಿಸಿದ ವೇರಿಯಬಲ್, ಇದು 3.12ರಿಂದ. ಆಮೇಲೆ ಕಮಾಂಡ್ ಲೈನಿನಲ್ಲಿ ಕೊಟ್ಟ ಸೀಮೇಕ್_ಪ್ರಿಫಿಕ್ಸ್_ಪಾತ್. ನಂತರ ಅದೇ ಹೆಸರಿನ ಎನ್‌ವಿರಾನ್‌ಮೆಂಟ್ ವೇರಿಯಬಲ್. ನಂತರ ಬಿಲ್ಡ್ ಫೈಲಿನಲ್ಲಿ ‘ಹಿಂಟ್ಸ್’ ಅಂತ ಕೊಟ್ಟ ಜಾಗಗಳು. ಆಮೇಲೆ ಶೆಲ್‌ನ ಪಾತ್ (ಟರ್ಮಿನಲ್ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ). ನಂತರ ಯೂಸರ್ ಪ್ಯಾಕೇಜ್ ರಿಜಿಸ್ಟ್ರಿ, ಸಿಸ್ಟಮ್ಮಿನ ಮಾಮೂಲಿ ಫೋಲ್ಡರುಗಳು, ಸಿಸ್ಟಮ್ ರಿಜಿಸ್ಟ್ರಿ, ಕೊನೆಗೆ ‘ಪಾತ್ಸ್’ ಅಂತ ಕೊಟ್ಟ ಜಾಗಗಳು. ಹಿಂಟ್ಸ್ ಮತ್ತು ಪಾತ್ಸ್ ಒಂದೇ ತರಹ ಕಂಡರೂ ಒಂದು ಸಿಸ್ಟಮ್ ಫೋಲ್ಡರಿಗಿಂತ ಮುಂಚೆ ಬರುತ್ತದೆ, ಇನ್ನೊಂದು ಎಲ್ಲಕ್ಕಿಂತ ಹಿಂದೆ.

ಇದರಲ್ಲಿ ಎರಡು ಜಾಗಕ್ಕೆ ಡಾಕ್ಯುಮೆಂಟಿನಲ್ಲಿ ಒಂದೊಂದು ಪ್ಯಾರಾ ಬೇಕೇ ಬೇಕು. ಒಂದು, ಶೆಲ್‌ನ ಪಾತ್. ಅದು ಪ್ರೋಗ್ರಾಂ ಹುಡುಕಲು ಮಾತ್ರ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಆದರೆ ಪಾತ್‌ನಲ್ಲಿ ‘ಬಿನ್’ ಅಂತ ಮುಗಿಯುವ ಫೋಲ್ಡರ್ ಇದ್ದರೆ ಸೀಮೇಕ್ ಅದರ ಮೇಲಿನ ಫೋಲ್ಡರನ್ನು ಹಿಡಿದು, ಅಲ್ಲಿನ ‘ಲಿಬ್’ ಒಳಗೆ ಪ್ಯಾಕೇಜ್ ಇದೆಯಾ ಅಂತ ನೋಡುತ್ತದೆ. ಕೋಂಡಾ ಅನ್ನುವ ಪ್ಯಾಕೇಜ್ ಮ್ಯಾನೇಜರಿನ ಪರಿಸರ ಆಕ್ಟಿವೇಟ್ ಮಾಡಿದ ಟರ್ಮಿನಲ್‌ನಲ್ಲಿ ಬಿಲ್ಡ್ ಮಾಡಿದಾಗ ಸಿಸ್ಟಮ್ಮಿನ ಲೈಬ್ರರಿ ಬಿಟ್ಟು ಕೋಂಡಾದ ಲೈಬ್ರರಿ ಅಂಟಿಕೊಳ್ಳುವುದು ಹೀಗೆ. 3.16ರಿಂದ ಇದನ್ನು ಆಫ್ ಮಾಡುವ ವೇರಿಯಬಲ್ ಇದೆ. ಎರಡನೆಯದು ಯೂಸರ್ ಪ್ಯಾಕೇಜ್ ರಿಜಿಸ್ಟ್ರಿ. ಹೋಮ್ ಫೋಲ್ಡರಿನ ಒಳಗೆ ಡಾಟ್-ಸೀಮೇಕ್ ಅನ್ನುವ ಅಡಗಿದ ಫೋಲ್ಡರಿನಲ್ಲಿ ಇರುತ್ತದೆ, ವಿಂಡೋಸ್ ಆದರೆ ವಿಂಡೋಸ್ ರಿಜಿಸ್ಟ್ರಿಯಲ್ಲಿ. ಯಾವಾಗಲೋ ಬಿಲ್ಡ್ ಮಾಡಿದ ಪ್ರಾಜೆಕ್ಟ್ ತನ್ನ ವಿಳಾಸವನ್ನು ಅಲ್ಲಿ ಬರೆದಿಟ್ಟು ಹೋಗಿರಬಹುದು. 3.15ರಲ್ಲಿ ಬಂದ ಪಾಲಿಸಿಯಲ್ಲಿ (ಸೀಮೇಕ್ ಹೇಗೆ ನಡೆದುಕೊಳ್ಳಬೇಕು ಅನ್ನುವ ನಿಯಮ) ಹಾಗೆ ತಾನಾಗಿ ಬರೆಯುವುದು ನಿಂತಿದೆ, ಆದರೆ ಹಳೆಯ ನಮೂದುಗಳು ಇದ್ದಲ್ಲೇ ಇರುತ್ತವೆ.

ಮಾಡ್ಯೂಲ್ ಮೋಡ್‌ನ ಅಪಾಯ ಬೇರೆ ತರಹದ್ದು. ಅಲ್ಲಿ ಹೆಡರ್ ಫೈಲನ್ನು (ಲೈಬ್ರರಿಯಲ್ಲಿ ಏನೇನಿದೆ ಅಂತ ಕಂಪೈಲರಿಗೆ ಹೇಳುವ ಫೈಲ್) ಒಂದು ಕಮಾಂಡ್ ಹುಡುಕುತ್ತದೆ, ಲೈಬ್ರರಿ ಫೈಲನ್ನು ಇನ್ನೊಂದು ಕಮಾಂಡ್. ಎರಡೂ ಒಂದೇ ಜಾಗದಿಂದಲೇ ಬರಬೇಕು ಅಂತ ಯಾರೂ ಖಾತ್ರಿ ಮಾಡುವುದಿಲ್ಲ. ಹೊಸ ವರ್ಷನ್ನಿನ ಹೆಡರ್, ಹಳೆಯ ವರ್ಷನ್ನಿನ ಲೈಬ್ರರಿ ಸೇರಿಕೊಂಡು, ಕಂಪೈಲ್ ಆಗಿ, ಲಿಂಕ್ ಆಗಿ, ಓಡುವಾಗ ಕೆಡಬಹುದು. ಆದ್ದರಿಂದ ಮಾಡ್ಯೂಲ್ ಮೋಡ್‌ನಲ್ಲಿ ಸಿಗುವ ಪ್ಯಾಕೇಜಿಗೆ ಎರಡು ಜಾಗವನ್ನೂ ಬೇರೆ ಬೇರೆ ಬರೆಯಿರಿ.

ಪಿಕೆಜಿ-ಕಾನ್ಫಿಗ್ ಇದಕ್ಕಿಂತ ಸರಳ. ಅದು ‘ಪಿಸಿ’ ಅನ್ನುವ ಎಕ್ಸ್‌ಟೆನ್ಶನ್ ಇರುವ ಫೈಲ್ ಹುಡುಕುತ್ತದೆ. ಪಿಕೆಜಿ_ಕಾನ್ಫಿಗ್_ಪಾತ್‌ನಲ್ಲಿ ಕೊಟ್ಟಿದ್ದನ್ನು ಮೊದಲು ನೋಡಿ, ಆಮೇಲೆ ತನ್ನ ಡೀಫಾಲ್ಟ್ ಫೋಲ್ಡರುಗಳಿಗೆ ಹೋಗುತ್ತದೆ. ಪಿಕೆಜಿ_ಕಾನ್ಫಿಗ್_ಲಿಬ್‌ಡಿರ್ ಕೊಟ್ಟರೆ ಡೀಫಾಲ್ಟ್ ಫೋಲ್ಡರುಗಳ ಜಾಗಕ್ಕೆ ಅದು ಬಂದು ಕೂರುತ್ತದೆ. ಬೇರೆ ಪ್ರೊಸೆಸರಿಗೆ ಕ್ರಾಸ್ ಕಂಪೈಲ್ ಮಾಡುವಾಗ ಮೊದಲನೆಯದನ್ನು ಮಾತ್ರ ಸೆಟ್ ಮಾಡಿದರೆ ನಿಮ್ಮ ಸ್ವಂತ ಮೆಶಿನ್ನಿನ ಲೈಬ್ರರಿಗಳು ನುಸುಳಿಬಿಡುತ್ತವೆ, ಎರಡನೆಯದು ಅದನ್ನು ತಡೆಯುತ್ತದೆ. ಡೀಫಾಲ್ಟ್ ಫೋಲ್ಡರುಗಳು ಎಲ್ಲ ಕಡೆ ಒಂದೇ ಅಲ್ಲ. 64 ಬಿಟ್ ಇಂಟೆಲ್ ಮೆಶಿನ್ನಿನಲ್ಲಿ ಡೆಬಿಯನ್ ‘ಲಿಬ್’ ಒಳಗೆ ಪ್ರೊಸೆಸರಿನ ಹೆಸರಿರುವ ಫೋಲ್ಡರ್ ಮಾಡಿ ಇಡುತ್ತದೆ, ಫೆಡೋರಾ ‘ಲಿಬ್64’ ಒಳಗೆ ಇಡುತ್ತದೆ. ‘ಪಿಸಿ_ಪಾತ್’ ಅನ್ನುವ ವೇರಿಯಬಲ್ ಕೇಳಿದರೆ ಪಿಕೆಜಿ-ಕಾನ್ಫಿಗ್ ತಾನೇ ಹೇಳುತ್ತದೆ. ಹಾಗಾಗಿ ಫೋಲ್ಡರಿನ ಹೆಸರು ಬರೆಯುವ ಬದಲು ಅದನ್ನು ತಿಳಿದುಕೊಳ್ಳುವ ಕಮಾಂಡನ್ನೇ ಡಾಕ್ಯುಮೆಂಟಿನಲ್ಲಿ ಬರೆಯಿರಿ, ಬೇಗ ಹಳತಾಗುವುದಿಲ್ಲ.

ಮೆಸಾನ್ ಬಗ್ಗೆ ಚಿಕ್ಕದಾಗಿ: ಮೊದಲು ಪಿಕೆಜಿ-ಕಾನ್ಫಿಗ್ ಕೇಳುತ್ತದೆ, ಆಗದಿದ್ದರೆ ಸೀಮೇಕ್ ಕಡೆಯಿಂದ ನೋಡುತ್ತದೆ, ಅದೂ ಆಗದಿದ್ದರೆ ಫಾಲ್‌ಬ್ಯಾಕ್ (ಬದಲಿ ದಾರಿ) ಇದ್ದಲ್ಲಿ ಸಬ್‌ಪ್ರಾಜೆಕ್ಟ್ ಡೌನ್‌ಲೋಡ್ ಮಾಡಿ ಬಿಲ್ಡ್ ಮಾಡುತ್ತದೆ. ವ್ರ್ಯಾಪ್-ಮೋಡ್ ಆಪ್ಷನ್ನಿನಿಂದ ಆ ಫಾಲ್‌ಬ್ಯಾಕನ್ನು ತಡೆಯಬಹುದು ಅಥವಾ ಕಡ್ಡಾಯ ಮಾಡಬಹುದು. ಲಿನಕ್ಸ್ ಡಿಸ್ಟ್ರೋಗೆ ಪ್ಯಾಕೇಜ್ ಮಾಡುವವರಿಗೆ ಈ ಮಾಹಿತಿ ತುಂಬಾ ಮುಖ್ಯ.

ಹೆಜ್ಜೆ 4: ‘ಸಿಕ್ಕಿತು’ ಅಂದರೆ ಏನನ್ನು ನೋಡಿ ಹಾಗೆ ಹೇಳಿತು?

ಪರೀಕ್ಷೆಗಳಲ್ಲಿ ಮಟ್ಟಗಳಿವೆ. ಯಾವ ಪ್ಯಾಕೇಜಿಗೆ ಯಾವ ಮಟ್ಟದ ಪರೀಕ್ಷೆ ಆಗುತ್ತದೆ ಅಂತ ಬರೆಯದಿದ್ದರೆ ಓದುವವರು ಎಲ್ಲಕ್ಕೂ ಎಲ್ಲ ಪರೀಕ್ಷೆ ಆಗಿದೆ ಅಂತಲೇ ನಂಬುತ್ತಾರೆ.

ಅತ್ಯಂತ ಕೆಳಗಿನದು, ಫೈಲ್ ಇದೆ ಅನ್ನುವುದು. ಪಿಕೆಜಿ-ಕಾನ್ಫಿಗ್ ಪಿಸಿ ಫೈಲ್ ಓದಿ ಅದರಲ್ಲಿ ಬರೆದ ಫ್ಲ್ಯಾಗ್‌ಗಳನ್ನು ಹೇಳುತ್ತದೆ ಅಷ್ಟೇ, ಲೈಬ್ರರಿ ನಿಜವಾಗಿ ಆ ಫೋಲ್ಡರಿನಲ್ಲಿ ಇದೆಯಾ ಅಂತ ನೋಡುವುದಿಲ್ಲ. ಲೈಬ್ರರಿ ಅಳಿಸಿ ಪಿಸಿ ಫೈಲ್ ಬಿಟ್ಟಿದ್ದರೂ ಅದು ‘ಇದೆ’ ಅನ್ನುತ್ತದೆ, ಲಿಂಕ್ ಮಾಡುವಾಗ ಮಾತ್ರ ಗೊತ್ತಾಗುತ್ತದೆ.

ಅದರ ಮೇಲಿನದು ವರ್ಷನ್. ಇಲ್ಲಿ ಕೇಳಬೇಕಾದ ಪ್ರಶ್ನೆ, ವರ್ಷನ್ ಇಷ್ಟು ಅಂತ ಹೇಳುತ್ತಿರುವವರು ಯಾರು? ಹೆಡರಿನ ಮ್ಯಾಕ್ರೋ, ಪಿಸಿ ಫೈಲಿನ ವರ್ಷನ್ ಸಾಲು, ಸೀಮೇಕ್‌ನ ವರ್ಷನ್ ಫೈಲ್, ಮೂರೂ ಬೇರೆ ಬೇರೆ ಮೂಲಗಳು. ಸೀಮೇಕ್‌ನ ಕಾನ್ಫಿಗ್ ಮೋಡ್‌ನಲ್ಲಿ ಇನ್ನೊಂದು ವಿಷಯ ಇದೆ. ನೀವು 1.2 ಅಂತ ಕೇಳಿದರೆ ‘1.2 ಅಥವಾ ಅದಕ್ಕಿಂತ ಹೊಸದು’ ಅಂತ ಅರ್ಥ ಅಲ್ವಾ ಅಂದುಕೊಳ್ಳಬಹುದು. ಹಾಗೇನೂ ಇಲ್ಲ. ಯಾವುದು ಹೊಂದುತ್ತದೆ ಅಂತ ತೀರ್ಮಾನಿಸುವುದು ಆ ಪ್ಯಾಕೇಜಿನ ವರ್ಷನ್ ಫೈಲ್. ಪ್ಯಾಕೇಜ್ ಮಾಡಿದವರು ‘ಅದೇ ಮೇಜರ್ ವರ್ಷನ್’ ಅನ್ನುವ ನಿಯಮ ಆರಿಸಿದ್ದರೆ 2.0 ಇದ್ದರೂ ತಿರಸ್ಕಾರ ಆಗುತ್ತದೆ. ‘ಯಾವುದೇ ಹೊಸ ವರ್ಷನ್’ ಅಂತ ಆರಿಸಿದ್ದರೆ ಒಪ್ಪಿಗೆ ಆಗುತ್ತದೆ. ವರ್ಷನ್ ಫೈಲೇ ಇಲ್ಲದಿದ್ದರೆ, ನೀವು ಯಾವ ವರ್ಷನ್ ಕೇಳಿದರೂ ಸಿಗುವುದಿಲ್ಲ. 32 ಬಿಟ್ ಪ್ರತಿಯನ್ನು 64 ಬಿಟ್ ಬಿಲ್ಡಿಗೆ ಬೇಡ ಅನ್ನುವುದೂ ಸಾಮಾನ್ಯವಾಗಿ ಇದೇ ಫೈಲ್. ತಿರಸ್ಕಾರ ಆದಾಗ ಸೀಮೇಕ್ ಅಲ್ಲಿಗೇ ನಿಲ್ಲದೆ ಸರದಿಯಲ್ಲಿ ಮುಂದಿನ ಜಾಗಕ್ಕೆ ಹೋಗುತ್ತದೆ, ಹಾಗಾಗಿ ‘ಮೊದಲು ಸಿಕ್ಕಿದ್ದೇ ಗೆಲ್ಲುತ್ತದೆ’ ಅಂತ ಬರೆದರೆ ಅರ್ಧ ಸತ್ಯ, ‘ಮೊದಲು ಸಿಕ್ಕ, ವರ್ಷನ್ ಹೊಂದುವ ಪ್ರತಿ ಗೆಲ್ಲುತ್ತದೆ’ ಅಂತ ಬರೆಯಿರಿ. ಮೇಲಿನ ಮಿತಿಯೂ ಬೇಕಿದ್ದರೆ 3.19ರಿಂದ ವರ್ಷನ್ ಶ್ರೇಣಿ ಕೊಡಬಹುದು.

ಅದಕ್ಕೂ ಮೇಲಿನದು ಕಂಪೈಲ್ ಮಾಡಿ ನೋಡುವುದು. ಒಂದು ಪುಟ್ಟ ಪ್ರೋಗ್ರಾಂ ಬರೆದು, ಆ ಫಂಕ್ಷನ್ ಕರೆದು, ಲಿಂಕ್ ಆಗುತ್ತದಾ ಅಂತ ಪರೀಕ್ಷೆ. ಇದು ಗಟ್ಟಿ ಪರೀಕ್ಷೆ, ಆದರೆ ಯಾಕೆ ಫೇಲ್ ಆಯಿತು ಅಂತ ಯಾರೂ ಕೇಳುವುದಿಲ್ಲ. ಫೇಲ್ ಆದರೆ ಸುಮ್ನೆ ‘ಈ ಸೌಲಭ್ಯ ಇಲ್ಲ’ ಅಂತ ಮುಂದೆ ಹೋಗುತ್ತದೆ. 2024ರಲ್ಲಿ ಎಕ್ಸ್‌ಝಡ್ ಅನ್ನುವ ಕಂಪ್ರೆಶನ್ ಪ್ರಾಜೆಕ್ಟಿನ ಹಿಂಬಾಗಿಲು (ಕದ್ದು ಒಳಬರಲು ಅಡಗಿಸಿಟ್ಟ ಕೋಡ್) ಪತ್ತೆಯಾದಾಗ ಅದರ ಸೀಮೇಕ್ ಫೈಲಿನಲ್ಲಿ ಇಂಥದ್ದೇ ಒಂದು ಸಿಕ್ಕಿತು: ಲ್ಯಾಂಡ್‌ಲಾಕ್ ಅನ್ನುವ ಸುರಕ್ಷತಾ ಸೌಲಭ್ಯದ ಪರೀಕ್ಷಾ ಪ್ರೋಗ್ರಾಂ ಒಳಗೆ ಒಂದೇ ಒಂದು ಚುಕ್ಕೆ ಸೇರಿಸಿದ್ದರು. ಆ ಪ್ರೋಗ್ರಾಂ ಎಂದೂ ಕಂಪೈಲ್ ಆಗುವ ಹಾಗಿರಲಿಲ್ಲ, ಆದ್ದರಿಂದ ಆ ರಕ್ಷಣೆ ಸದ್ದಿಲ್ಲದೆ ಆಫ್ ಆಗುತ್ತಿತ್ತು. ಇಂಥ ಪ್ರತಿ ಪರೀಕ್ಷೆಗೂ ಮಾಮೂಲಿ ಮೆಶಿನ್ನಿನಲ್ಲಿ ಯಾವ ಉತ್ತರ ಬರಬೇಕು ಅನ್ನುವುದನ್ನು ಡಾಕ್ಯುಮೆಂಟಿನಲ್ಲಿ ಬರೆದಿಡಿ. ‘ಲಿನಕ್ಸ್‌ನಲ್ಲಿ ಇದು ಹೌದು ಅಂತ ಬರಬೇಕು’ ಅಂತ ಒಂದು ಸಾಲು ಇದ್ದರೆ, ಇಲ್ಲ ಅಂತ ಬಂದಾಗ ಯಾರಾದರೂ ನಿಂತು ನೋಡುತ್ತಾರೆ. ಈ ಪರೀಕ್ಷೆಗಳ ಫಲಿತಾಂಶವೂ ಕ್ಯಾಶ್‌ಗೆ ಹೋಗುತ್ತದೆ ಅನ್ನುವುದನ್ನು ಮರೆಯಬೇಡಿ.

ಹೆಜ್ಜೆ 5: ಡೌನ್‌ಲೋಡ್ ಆಗಿ ಬರುವ ಪ್ಯಾಕೇಜುಗಳು

ಇಲ್ಲಿ ಕೇಳಬೇಕಾದ್ದು, ಬಂದ ಬೈಟುಗಳು ನಾವು ಬಯಸಿದವೇ ಅಂತ ಯಾರು ನೋಡುತ್ತಾರೆ? ರಸ್ಟ್ ಭಾಷೆಯ ಕಾರ್ಗೋ ತನ್ನ ಲಾಕ್ ಫೈಲಿನಲ್ಲಿ (ನಿಖರ ವರ್ಷನ್‌ಗಳನ್ನು ಬರೆದಿಡುವ ಫೈಲ್) ರಿಜಿಸ್ಟ್ರಿಯಿಂದ (ಪ್ಯಾಕೇಜುಗಳ ಆನ್‌ಲೈನ್ ಸಂಗ್ರಹ) ಬಂದ ಪ್ರತಿ ಪ್ಯಾಕೇಜಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ಗುರುತು) ಇಡುತ್ತದೆ. ಗೋ ಭಾಷೆಯ ಗೋ.ಸಮ್ ಫೈಲಿನಲ್ಲಿ ಹ್ಯಾಶ್ ಇರುತ್ತದೆ, ಹೊಸ ಪಬ್ಲಿಕ್ ಮಾಡ್ಯೂಲ್ ಬಂದಾಗ ಅದನ್ನು ಸಾರ್ವಜನಿಕ ಚೆಕ್‌ಸಮ್ ಡೇಟಾಬೇಸಿನ ಜೊತೆ ಹೋಲಿಸುತ್ತದೆ. ಜಾವಾಸ್ಕ್ರಿಪ್ಟ್‌ಗಿರುವ ಎನ್‌ಪಿಎಂನ ಲಾಕ್ ಫೈಲಿನಲ್ಲಿ ‘ಇಂಟೆಗ್ರಿಟಿ’ ಸಾಲು ಇರುತ್ತದೆ. ‘ಸಿಐ’ ಕಮಾಂಡ್ ಬಳಸಿದರೆ ಲಾಕ್ ಫೈಲೂ ಪ್ಯಾಕೇಜ್ ಫೈಲೂ ಹೊಂದದಿದ್ದಾಗ ಅದು ಎರರ್ ಕೊಟ್ಟು ನಿಲ್ಲುತ್ತದೆ. ಪೈಥಾನಿನ ಪಿಪ್‌ನಲ್ಲಿ ಹ್ಯಾಶ್ ಕಡ್ಡಾಯ ಮಾಡುವ ಆಪ್ಷನ್ ಇದೆ, ನಾವೇ ಹಾಕಬೇಕು. ಸೀಮೇಕ್‌ನ ಫೆಚ್‌ಕಂಟೆಂಟ್‌ನಲ್ಲೂ ಹ್ಯಾಶ್ ನಾವು ಕೊಟ್ಟರೆ ಮಾತ್ರ. ಗಿಟ್ ಟ್ಯಾಗ್ ಕೊಟ್ಟಿದ್ದರೆ ಅದನ್ನು ಪೂರ್ತಿ ಕಮಿಟ್ ಹ್ಯಾಶ್‌ಗೆ ಬದಲಿಸಿ, ಟ್ಯಾಗನ್ನು ಆ ರೆಪಾಸಿಟರಿಗೆ ಬರೆಯುವ ಹಕ್ಕಿರುವವರು ಆಮೇಲೆ ಬೇರೆ ಕಮಿಟ್‌ಗೆ ಸರಿಸಬಹುದು.

ಹ್ಯಾಶ್ ಯಾವುದರದ್ದು ಅನ್ನುವುದನ್ನೂ ಬರೆಯಿರಿ. 2023ರ ಜನವರಿ ಕೊನೆಯಲ್ಲಿ ಗಿಟ್‌ಹಬ್ ತಾನಾಗಿ ತಯಾರಿಸಿ ಕೊಡುವ ಸೋರ್ಸ್ ಟಾರ್‌ಬಾಲ್‌ಗಳ (ಸೋರ್ಸನ್ನೆಲ್ಲ ಒಟ್ಟುಗೂಡಿಸಿ ಕುಗ್ಗಿಸಿದ ಫೈಲುಗಳು) ಕಂಪ್ರೆಶನ್ ವಿಧಾನ ಬದಲಾಯಿತು. ಒಳಗಿನ ಕೋಡ್ ಅದೇ, ಆದರೆ ಫೈಲಿನ ಹ್ಯಾಶ್ ಬೇರೆ. ಬೇಝಲ್ ಮುಂತಾದ ಬಿಲ್ಡ್ ಸಿಸ್ಟಮ್‌ಗಳಲ್ಲಿ ಹ್ಯಾಶ್ ಬರೆದಿಟ್ಟಿದ್ದವರ ಬಿಲ್ಡ್‌ಗಳು ಮುರಿದವು, ಗಿಟ್‌ಹಬ್ ಆ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಪ್ರಾಜೆಕ್ಟಿನವರೇ ಅಪ್‌ಲೋಡ್ ಮಾಡಿದ ಟಾರ್‌ಬಾಲ್ ಬಳಸಿದರೆ ಈ ತೊಂದರೆ ಇಲ್ಲ, ಆದರೆ ಅಲ್ಲಿ ಇನ್ನೊಂದು ಇದೆ. ಎಕ್ಸ್‌ಝಡ್ 5.6.0 ಮತ್ತು 5.6.1ರ ಟಾರ್‌ಬಾಲ್‌ಗಳಲ್ಲಿ ಗಿಟ್ ರೆಪಾಸಿಟರಿಯಲ್ಲಿ ಇಲ್ಲದ ಒಂದು ಎಂ4 ಫೈಲ್ (ಆಟೋಕಾನ್ಫ್ ಬಳಸುವ ಮ್ಯಾಕ್ರೋ ಫೈಲ್) ಇತ್ತು, ಹಿಂಬಾಗಿಲು ಬಿಲ್ಡಿನೊಳಗೆ ಬಂದಿದ್ದು ಅದರ ಮೂಲಕ. ಅವುಗಳ ಹ್ಯಾಶ್ ಸರಿಯಾಗೇ ಹೊಂದುತ್ತಿತ್ತು. ಇದು ಅದೇ ಫೈಲ್ ಹೌದು ಅಂತ ಮಾತ್ರ ಹ್ಯಾಶ್ ಹೇಳುತ್ತದೆ. ಒಳಗಿರುವುದು ಒಳ್ಳೆಯದು ಅಂತ ಅದು ಹೇಳುವುದಿಲ್ಲ, ಡಾಕ್ಯುಮೆಂಟ್ ಕೂಡ ಹಾಗೆ ಹೇಳಬಾರದು.

ಯಾವ ರಿಜಿಸ್ಟ್ರಿಯಿಂದ ಬರುತ್ತದೆ ಅನ್ನುವುದಕ್ಕೂ ಒಂದು ಸಾಲು ಇರಲಿ. ಪಿಪ್‌ಗೆ ಹೆಚ್ಚುವರಿ ಇಂಡೆಕ್ಸ್ ಕೊಟ್ಟಾಗ ಅದು ಎರಡರಲ್ಲಿ ಯಾವುದಕ್ಕೂ ಆದ್ಯತೆ ಕೊಡುವುದಿಲ್ಲ, ದೊಡ್ಡ ವರ್ಷನ್ ನಂಬರ್ ಎಲ್ಲಿದೆಯೋ ಅದನ್ನು ತರುತ್ತದೆ. ನಿಮ್ಮ ಒಳಗಿನ ಪ್ಯಾಕೇಜಿನ ಹೆಸರಿನಲ್ಲೇ ಹೊರಗೆ ಯಾರಾದರೂ ದೊಡ್ಡ ನಂಬರ್ ಹಾಕಿ ಪ್ರಕಟಿಸಿದರೆ ಅದೇ ಬರುತ್ತದೆ. ಡಿಪೆಂಡೆನ್ಸಿ ಕನ್ಫ್ಯೂಶನ್ ಅಂತ 2021ರಲ್ಲಿ ಸುದ್ದಿಯಾದ ದಾಳಿ ಇದೇ.

ಹೆಜ್ಜೆ 6: ಪ್ರತಿ ಪ್ಯಾಕೇಜಿಗೆ ಒಂದು ನಮೂದು

ಈಗ ಬರೆಯುವ ಕೆಲಸ. ಉದಾಹರಣೆಗೆ ಜೆಡ್‌ಲಿಬ್ ಅನ್ನುವ ಕಂಪ್ರೆಶನ್ ಲೈಬ್ರರಿಗೆ ಹೀಗೆ ಬರೆಯಬಹುದು:

‘ಜೆಡ್‌ಲಿಬ್, ಕಡ್ಡಾಯ. ಸೀಮೇಕ್ ಜೊತೆ ಬರುವ ಫೈಂಡ್ ಮಾಡ್ಯೂಲ್ ಮೂಲಕ ಸಿಗುತ್ತದೆ. ಜೆಡ್‌ಲಿಬ್_ರೂಟ್ ಕೊಟ್ಟರೆ ಮೊದಲು ಅಲ್ಲಿ, ಆಮೇಲೆ ಮಾಮೂಲಿ ಜಾಗಗಳಲ್ಲಿ. ವರ್ಷನ್ ನಂಬರನ್ನು ಹೆಡರ್ ಫೈಲಿನಿಂದ ಓದುತ್ತದೆ, ಲೈಬ್ರರಿ ಫೈಲಿನ ವರ್ಷನ್ ನೋಡುವುದಿಲ್ಲ. ಎರಡು ಪ್ರತಿ ಇರುವ ಮೆಶಿನ್ನಿನಲ್ಲಿ ಕ್ಯಾಶ್ ಫೈಲಿನಲ್ಲಿ ಹೆಡರ್ ಮತ್ತು ಲೈಬ್ರರಿಯ ಜಾಗ ಎರಡನ್ನೂ ನೋಡಿ, ಒಂದೇ ಕಡೆಯಿಂದ ಬಂದಿವೆಯಾ ಅಂತ ಖಚಿತ ಮಾಡಿಕೊಳ್ಳಿ. ಸ್ಟ್ಯಾಟಿಕ್ ಲೈಬ್ರರಿ ಬೇಕಿದ್ದರೆ ಸೀಮೇಕ್ 3.24ರಿಂದ ಅದಕ್ಕೆ ಪ್ರತ್ಯೇಕ ವೇರಿಯಬಲ್ ಇದೆ.’

ಇದರ ಕೆಳಗೆ ಹೆಜ್ಜೆ 2ರಲ್ಲಿ ತೆಗೆದಿಟ್ಟ ಎರರ್ ಮೆಸೇಜನ್ನು ಒಂದಕ್ಷರವೂ ಬದಲಿಸದೆ ಹಾಕಿ. ಸಿಕ್ಕಿಬಿದ್ದವರು ಹುಡುಕುವುದು ಆ ಸಾಲನ್ನೇ ಕಾಪಿ ಮಾಡಿ. ಮೆಸೇಜ್, ಅದರ ಕಾರಣ, ಸರಿಮಾಡುವ ಕಮಾಂಡ್, ಈ ಮೂರು ಒಟ್ಟಿಗೆ ಇರಲಿ. ಎಲ್ಲ ನಮೂದುಗಳೂ ಇಷ್ಟು ಉದ್ದ ಇರಬೇಕಿಲ್ಲ. ತೊಂದರೆ ಕೊಡದ ಪ್ಯಾಕೇಜಿಗೆ ಎರಡು ಸಾಲು ಸಾಕು.

ಹೆಜ್ಜೆ 7: ಬರೆದಿದ್ದು ನಿಜವಾ ಅಂತ ಪರೀಕ್ಷಿಸಿ

ಮೂರು ಪ್ರಯೋಗ ಮಾಡಿ. ಮೊದಲನೆಯದು, ನೆಟ್‌ವರ್ಕ್ ಇಲ್ಲದ ಕಂಟೇನರಿನಲ್ಲಿ ಬಿಲ್ಡ್ ಮಾಡಿ. ‘ಏನೂ ಡೌನ್‌ಲೋಡ್ ಆಗುವುದಿಲ್ಲ’ ಅಂತ ಬರೆದಿದ್ದರೆ ಆ ಮಾತು ಅಲ್ಲಿ ನಿಜವಾಗಬೇಕು. ಎರಡನೆಯದು, ಐಚ್ಛಿಕ ಪ್ಯಾಕೇಜುಗಳನ್ನು ಒಂದೊಂದಾಗಿ ಇಲ್ಲ ಅನ್ನಿಸಿ ನೋಡಿ. ಸೀಮೇಕ್_ಡಿಸೇಬಲ್_ಫೈಂಡ್_ಪ್ಯಾಕೇಜ್ ಅನ್ನುವುದರ ಮುಂದೆ ಪ್ಯಾಕೇಜಿನ ಹೆಸರು ಸೇರಿಸಿದರೆ ಇದ್ದರೂ ಇಲ್ಲದ ಹಾಗೆ ನಡೆದುಕೊಳ್ಳುತ್ತದೆ. 3.22ರಿಂದ ‘ಡಿಸೇಬಲ್’ ಜಾಗದಲ್ಲಿ ‘ರಿಕ್ವೈರ್’ ಇರುವ ಇನ್ನೊಂದೂ ಇದೆ, ಅದು ಐಚ್ಛಿಕವನ್ನು ಕಡ್ಡಾಯ ಮಾಡುತ್ತದೆ. ಮೂರನೆಯದು, ಬೇಕೆಂದೇ ಎರಡು ವರ್ಷನ್ ಎರಡು ಜಾಗದಲ್ಲಿ ಇನ್‌ಸ್ಟಾಲ್ ಮಾಡಿ, ಗೆಲ್ಲುತ್ತದೆ ಅಂತ ನೀವು ಬರೆದ ಪ್ರತಿಯೇ ಗೆಲ್ಲುತ್ತದಾ ನೋಡಿ. ಜನ ಇದನ್ನು ಮಾಡುವುದು ಕಡಿಮೆ, ಆದರೆ ನನ್ನ ಪ್ರಕಾರ ಮೂರರಲ್ಲಿ ಇದೇ ಹೆಚ್ಚು ಕಲಿಸುತ್ತದೆ.

ಇವನ್ನು ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ವ್ಯವಸ್ಥೆ) ಹಾಕಿಬಿಟ್ಟರೆ ಬಿಲ್ಡ್ ಫೈಲ್ ಬದಲಾದಾಗ ಡಾಕ್ಯುಮೆಂಟ್ ಹಳತಾಗಿದ್ದು ತಾನಾಗಿ ಗೊತ್ತಾಗುತ್ತದೆ. ಡಾಕ್ಯುಮೆಂಟನ್ನು ಬೇರೆ ವಿಕಿಯಲ್ಲಿ ಇಡಬೇಡಿ, ಅದೇ ರೆಪಾಸಿಟರಿಯಲ್ಲಿ ಬಿಲ್ಡ್ ಫೈಲಿನ ಪಕ್ಕದಲ್ಲೇ ಇಡಿ. ಯಾವ ಸೀಮೇಕ್ ವರ್ಷನ್ನಿನಲ್ಲಿ ನೋಡಿ ಬರೆದಿದ್ದು ಅಂತ ಮೇಲೆ ಬರೆಯಿರಿ, ಹುಡುಕುವ ನಿಯಮಗಳು ವರ್ಷನ್ನಿಂದ ವರ್ಷನ್ನಿಗೆ ಬದಲಾಗುತ್ತವೆ. ಹೊಸ ಫೈಂಡ್_ಪ್ಯಾಕೇಜ್ ಸಾಲು ಸೇರಿಸುವ ಪ್ರತಿ ಕಮಿಟ್‌ನಲ್ಲೂ ಆ ಪ್ಯಾಕೇಜಿನ ನಮೂದು ಇದೆಯಾ ಅಂತ ರಿವ್ಯೂ ಮಾಡುವವರು ಕೇಳಲಿ.